ವೈನಂಗಡಿಯಲ್ಲಿ ಬುತ್ತಿ

ಲಂಡನ್ನಿಗೆ ಬಂದ ಹೊಸದರಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಥೇಮ್ಸ್ ನದಿಯಲ್ಲ, ರಾಣಿಯ ಅರಮನೆಯೂ ಅಲ್ಲ. ಇಲ್ಲಿನ ಸಭ್ಯಸ್ಥರು ವೈನನ್ನು ಕುಡಿಯುವ ಮುನ್ನ ಮೂಸಿ ನೋಡುತ್ತಾರೆಂಬ ಸಂಗತಿ. ನಮ್ಮ ಮನೆಯಲ್ಲಿ ಹಾಗೆ ಮೂಸುತ್ತಿದ್ದದ್ದು ಹಾಲನ್ನು, ಅದೂ ಕೆಟ್ಟಿದೆಯೆಂಬ ಸಂಶಯ ಬಂದಾಗ ಮಾತ್ರ. ಮೂಸಿದ ಮೇಲೂ ಮುಖ ಅರಳಬೇಕಾದರೆ ಅದೊಂದು ಸಂಸ್ಕಾರವೇ ಇರಬೇಕು ಎಂದುಕೊಂಡೆ. ಸಂಸ್ಕಾರವೆಂದು ತಿಳಿದ ಮೇಲೆ ಕಲಿಯದೆ ಬಿಡುವುದುಂಟೆ?

ನಾವು ನೆಲೆಸಿದ್ದ ಲಂಡನ್ನಿನ ಅಂಚಿನ ಹ್ಯಾರೋದಲ್ಲಿ ನಮಗೆ ಈ ದೀಕ್ಷೆ ಕೊಟ್ಟವರು ಡಾಕ್ಟರ್ ಸುಬ್ಬಣ್ಣ. ಮೈಸೂರಿನವರು, ವಾರವಿಡೀ ಆಸ್ಪತ್ರೆಯಲ್ಲಿ ಲಿವರ್ ಕೆಡಿಸಿಕೊಂಡವರಿಗೆ ಕುಡಿತ ಬಿಡಿರೆಂದು ಬುದ್ಧಿ ಹೇಳಿ, ಶನಿವಾರ ಸಂಜೆ ನಮ್ಮಂಥವರಿಗೆ ಕುಡಿಯುವುದನ್ನು ಕಲಿಸುತ್ತಿದ್ದರು. ಉದ್ದ ಕಾಲಿನ ಗ್ಲಾಸಿನ ತಳಕ್ಕೆ ತೀರ್ಥದಷ್ಟು ಸುರಿದು, ಏನು ವಾಸನೆ ಬರುತ್ತಿದೆ ಹೇಳಿ ಎನ್ನುತ್ತಿದ್ದರು. ಮೊದಲ ದಿನ ನಾನು ದ್ರಾಕ್ಷಿ ಎಂದೆ.

"ದ್ರಾಕ್ಷಿ ಅಂತ ಯಾರು ಬೇಕಾದ್ರೂ ಹೇಳ್ತಾರೆ ಸ್ವಾಮಿ. ಮಳೆ ನಿಂತ್ಮೇಲೆ ಒದ್ದೆ ಕಲ್ಲಿಂದ ಒಂದು ಘಮ ಬರತ್ತಲ್ಲ, ಅದು ಬರ್ತಿಲ್ವಾ?"

ಬರುತ್ತಿದೆ ಎಂದೆ. ಮುಂದಿನ ವಾರ ಕುದುರೆಯ ಜೀನು ಎಂದರು. ಮೈಸೂರಿನ ಜಟಕಾದ ಹಿಂದೆ ಕುಳಿತು ಕುದುರೆಯ ಬಾಲವನ್ನಷ್ಟೇ ಕಂಡವನು ನಾನು. ಆದರೂ ಬರುತ್ತಿದೆ ಎಂದೆ. ಕೆಲವೇ ತಿಂಗಳಲ್ಲಿ ದ್ರಾಕ್ಷಿಯೊಂದನ್ನು ಬಿಟ್ಟು ಜಗತ್ತಿನ ಸಮಸ್ತ ವಾಸನೆಗಳೂ ನನ್ನ ಮೂಗಿಗೆ ಅಡರತೊಡಗಿದವು. ನನ್ನ ಹೆಂಡತಿ ವಸುಧಾ ಮಾತ್ರ ಒಂದೇ ಗುಟುಕು ಕುಡಿದು, "ಹುಳಿ ಅದ," ಎಂದು ಗ್ಲಾಸು ಕೆಳಗಿಟ್ಟಿದ್ದಳು. ಅವಳು ಧಾರವಾಡದವಳು, ಅವಳಿಗೆ ಒಂದು ವಸ್ತು ಹೇಗಿದೆಯೋ ಹಾಗೆ ಕಾಣುವ ದೋಷವಿದೆ.

ಇಟಲಿಯ ವೈನನ್ನು ಹ್ಯಾರೋದಲ್ಲಿ ಕುಡಿಯುವುದೆಂದರೆ ಮದುವೆಯನ್ನು ವಿಡಿಯೋದಲ್ಲಿ ನೋಡಿದ ಹಾಗೆ ಎಂದು ಡಾಕ್ಟರು ಘೋಷಿಸಿದ್ದರಿಂದ, ಅಗ್ಗದ ವಿಮಾನಗಳು ಹುಟ್ಟಿಕೊಂಡ ಆ ವರ್ಷಗಳಲ್ಲೊಮ್ಮೆ ನಾವಿಬ್ಬರೂ ಬೊಲೊನ್ಯಾ ನಗರಕ್ಕೆ ಹೊರಟೆವು. ಗಲ್ಲಿಗೊಂದರಂತೆ ಪುಟ್ಟ ವೈನಂಗಡಿಗಳಿರುವ ಊರು. ಹೊರಡುವ ಮುನ್ನ ನಾನೊಂದು ಕಟ್ಟಪ್ಪಣೆ ಹೊರಡಿಸಿದೆ: ಈ ಸಲ ಬುತ್ತಿ ಕೂಡದು. ಕಾರಣ ನಿಮಗೂ ಗೊತ್ತಿದೆ. ಸ್ಕಾಟ್ಲೆಂಡಿನ ಸರೋವರವಿರಲಿ, ಪ್ಯಾರಿಸ್ಸಿನ ಗೋಪುರವಿರಲಿ, ಹ್ಯಾರೋದ ಕನ್ನಡಿಗರು ಕಾರಿನ ಡಿಕ್ಕಿಯ ಬಾಗಿಲನ್ನೇ ಚಪ್ಪರ ಮಾಡಿಕೊಂಡು ಅದರಡಿಯಲ್ಲಿ ಪುಳಿಯೋಗರೆ ಉಣ್ಣದೆ ಯಾವ ದೃಶ್ಯವನ್ನೂ ಪೂರ್ತಿ ನೋಡಿದವರಲ್ಲ. ಕ್ಯಾನರಿ ವಾರ್ಫಿನ ಬ್ಯಾಂಕಿನಲ್ಲಿ ಕಂಪ್ಯೂಟರ್ ಕುಟ್ಟುತ್ತ ಅರೆ ಯುರೋಪಿಯನ್ ಆಗಿದ್ದ ನನಗೆ ಆ ಸ್ಟೀಲ್ ಡಬ್ಬಿಯ ಸದ್ದೇ ಅವಮಾನವೆನಿಸುತ್ತಿತ್ತು.

"ಅಲ್ಲಿಯವರ ಹಾಗೇ ಬದುಕೋಣ," ಎಂದೆ.

"ಬದುಕೂದು ಹೆಂಗ, ಉಪಾಸ ಬಿದ್ದು?" ಎಂದು ಕೇಳಿದವಳು ಆಮೇಲೆ ಸುಮ್ಮನಾದಳು. ಆ ಮೌನವನ್ನು ನಾನು ಸಮ್ಮತಿಯೆಂದು ತಿಳಿದೆ. ಮದುವೆಯಾದ ಓದುಗರು ನಗಬಾರದು.

ಬೊಲೊನ್ಯಾದಲ್ಲಿ ಕಮಾನುಗಳ ನೆರಳಿನಲ್ಲೇ ಇಡೀ ಊರು ಸುತ್ತಬಹುದು. ಆದರೆ ಆ ನೆರಳಿನುದ್ದಕ್ಕೂ ಅಂಗಡಿ ಅಂಗಡಿಯಲ್ಲಿ ಹಂದಿಯ ತೊಡೆಗಳು ತೂಗುತ್ತಿದ್ದವು. ವೈನಿನ ಜೊತೆ ಬರುವ ತಟ್ಟೆಯಲ್ಲಿ ಹಂದಿ, ಬ್ರೆಡ್ಡಿನ ನಡುವೆ ಹಂದಿ, ತರಕಾರಿಯೆಂದು ನಂಬಿ ಕೇಳಿದ್ದರ ಹೊಟ್ಟೆಯೊಳಗೂ ಹಂದಿ. ನಾವಿಬ್ಬರೂ ಮಾಂಸ ಮುಟ್ಟುವವರಲ್ಲ. ನಾನು ಬರಿಹೊಟ್ಟೆಯಲ್ಲಿ ಒಂದಾದ ಮೇಲೊಂದು ಅಂಗಡಿ ಹೊಕ್ಕು ಕ್ಷಣಕ್ಷಣಕ್ಕೂ ಹೆಚ್ಚು ರಸಜ್ಞನಾಗುತ್ತಿದ್ದೆ. ವಸುಧಾ ಒಣ ಬ್ರೆಡ್ಡು ಜಗಿಯುತ್ತಿದ್ದಳು. ಎರಡನೆಯ ದಿನ ಸಂಜೆ ಒಂದು ಕಂಬಕ್ಕೆ ಒರಗಿ ನಿಂತೇಬಿಟ್ಟಳು.

"ಏನ್ರಿ, ನನ್ನ ಚೀಲದಾಗ ರೊಟ್ಟಿ ಅದಾವ. ಶೇಂಗಾ ಚಟ್ನಿನೂ ಅದ. ಎಲ್ಲೆರ ಕೂತು ತಿನ್ನೂಣು."

"ವೈನಂಗಡೀಲಿ ರೊಟ್ಟಿ ಬಿಚ್ತೀಯಾ? ಕತ್ತು ಹಿಡಿದು ಆಚೆ ತಳ್ತಾರೆ ಅಷ್ಟೆ."

"ಹಂಗಾರ ಇದ ಕಡೀದು. ನಿಮ್ಮ ಜೋಡಿ ಇನ್ನ ಎಲ್ಲಿಗೂ ಬರೂದಿಲ್ಲ ನಾ. ನೀವೊಬ್ಬರ ತಿರಗ್ರಿ, ಮೂಸಿಕೋತ."

ಇದು ಕೋಪದ ಮಾತಾಗಿದ್ದರೆ ನಾನು ಹೆದರುತ್ತಿರಲಿಲ್ಲ. ಅವಳು ಶಾಂತವಾಗಿ ಹೇಳಿದಳು. ಶನಿವಾರದ ಪಾರ್ಟಿಗಳನ್ನು ಬಿಟ್ಟಾಗಲೂ, ನನ್ನ ಜೊತೆ ಸಿನಿಮಾಕ್ಕೆ ಬರುವುದನ್ನು ಬಿಟ್ಟಾಗಲೂ ಅವಳ ದನಿ ಹೀಗೆಯೇ ಇತ್ತು. ಬಿಟ್ಟದ್ದಕ್ಕೆ ಅವಳು ಮರಳಿದ್ದಿಲ್ಲ. ಇಬ್ಬರೂ ಜೊತೆಯಾಗಿ ಮಾಡುವುದೆಂದು ಉಳಿದಿದ್ದದ್ದು ಈ ಪ್ರವಾಸಗಳಷ್ಟೆ. ಆದರೂ ರಸಜ್ಞತೆ ಸುಲಭಕ್ಕೆ ಇಳಿಯುವ ಜ್ವರವಲ್ಲ. ಡಾಕ್ಟರು ಹೇಳಿದ್ದ ಹಳೆಯ ಅಂಗಡಿಯೊಂದಿದೆ, ಅಲ್ಲಿ ಒಂದೇ ಒಂದು ಗ್ಲಾಸು, ಆಮೇಲೆ ನೇರ ಹೋಟೆಲ್ ಕೋಣೆಗೆ ಹೋಗಿ ಡಬ್ಬಿ ತೆಗೆಯೋಣ ಎಂದು ಅಂಗಲಾಚಿ ಕರೆದೊಯ್ದೆ.

ಉದ್ದನೆಯ ಮರದ ಮೇಜುಗಳು, ಕಿಕ್ಕಿರಿದ ಜನ. ಅವಳ ಚೀಲವನ್ನು ನನ್ನ ಕಾಲ ಸಂದಿಯಲ್ಲಿ ಅಡಗಿಸಿಕೊಂಡು ಕುಳಿತೆ. ಒಳಗಿನ ಬಿಸುಪಿಗೆ ಚಟ್ನಿಪುಡಿಯ ಬೆಳ್ಳುಳ್ಳಿ ಎಚ್ಚೆತ್ತಿತು. ಪಕ್ಕದ ಮುದುಕ ಮೂಗೆತ್ತಿದ. ವೈನು ತಂದ ದಢೂತಿ ಯಜಮಾನ ಮೂಸಿ, ಬಗ್ಗಿ, ಚೀಲದತ್ತ ಬೆರಳು ತೋರಿ ಏನೋ ಕೇಳಿದ. ನಾನು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ; ಇದು ಔಷಧಿ ಎಂದೆ; ಈಗಲೇ ಹೊರಡುತ್ತೇವೆ ಎಂದೆ. ಆತ ತಲೆಯಾಡಿಸಿ ಚೀಲವನ್ನೆತ್ತಿ ಮೇಜಿನ ಮೇಲಿಟ್ಟು, ನಮ್ಮ ಮುಂದೆ ಒಂದು ಕಾಗದ ಹಾಸಿ ಹೋದ.

ಆಗಷ್ಟೇ ನಾನು ಸುತ್ತ ನೋಡಿದ್ದು. ಒಬ್ಬ ಚೀಸಿನ ಪೊಟ್ಟಣ ಬಿಚ್ಚುತ್ತಿದ್ದ. ಒಬ್ಬಳು ಮನೆಯಿಂದ ಬಟ್ಟೆಯಲ್ಲಿ ಸುತ್ತಿ ತಂದ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. ಆ ಅಂಗಡಿಯಲ್ಲಿ ಮಾರುವುದು ವೈನು ಮಾತ್ರ. ತಿನ್ನುವುದನ್ನು ಮನೆಯಿಂದ ಕಟ್ಟಿಕೊಂಡು ಬರುವುದೇ ಅಲ್ಲಿನ ಪದ್ಧತಿ. ಬುತ್ತಿಯಿಲ್ಲದೆ ಬರುವವರೇ ಅಲ್ಲಿ ಅನಾಗರಿಕರು.

ಮುಂದಿನದರ ಬಗ್ಗೆ ಎರಡು ಪಾಠಾಂತರಗಳಿವೆ. ನನ್ನದರಲ್ಲಿ, ಇದೆಲ್ಲ ಮೊದಲೇ ಗೊತ್ತಿದ್ದವನ ಮುಗುಳ್ನಗೆಯೊಂದಿಗೆ ಡಬ್ಬಿಯನ್ನು ತೆರೆದವನು ನಾನೇ. ವಸುಧಾಳದರಲ್ಲಿ, ಮುಚ್ಚಳವನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದ ನನ್ನ ಬೆರಳುಗಳನ್ನು ಅವಳು ಒಂದೊಂದಾಗಿ ಬಿಡಿಸಬೇಕಾಯಿತು. ನನ್ನ ಪಾಠವನ್ನು ಹ್ಯಾರೋದಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಸ್ಟೀಲಿನ ತಣುಪು ಕೂಡ ಬೆರಳಿಗೆ ನೆನಪಾಗುತ್ತದೆ. ಅದಕ್ಕೇ ಅನುಮಾನ. ನನ್ನ ನಿಜವಾದ ನೆನಪುಗಳು ಯಾವತ್ತೂ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ.

ರೊಟ್ಟಿ ಮುರಿದು ಅವಳು ಎಡಬಲಕ್ಕೆ ಹಂಚಿದಳು. ಚಟ್ನಿಯ ಖಾರಕ್ಕೆ ಮುದುಕನ ಕಣ್ಣಲ್ಲಿ ನೀರು ಬಂತು; ಗ್ಲಾಸನ್ನು ಒಂದೇ ಉಸಿರಿಗೆ ಮುಗಿಸಿ ಮತ್ತೆ ಕೈಯೊಡ್ಡಿದ. ನಾನೂ ಒಡ್ಡಿದೆ.

"ನಿಮಗ ಬುತ್ತಿ ಬ್ಯಾಡಾಗಿತ್ತಲ್ಲ?"

ಕನ್ನಡ ಬಾರದ ಇಡೀ ಮೇಜಿಗೆ ಆ ವಾಕ್ಯ ಅರ್ಥವಾಗಿ ಎಲ್ಲರೂ ನಕ್ಕರು. ಮುದುಕ ಕನಿಕರದಿಂದ ನನಗೊಂದು ತುಂಡು ಚೀಸು ಕೊಟ್ಟ. ಎಲ್ಲರದೂ ಆದ ಮೇಲೆ ಅರ್ಧ ರೊಟ್ಟಿ ನನ್ನ ಪಾಲಿಗೂ ಬಂತು. ವಸುಧಾ ವೈನು ಕುಡಿದು, "ಇದು ಛಲೋ ಅದ," ಎಂದಳು.

ಲಂಡನ್ನಿಗೆ ಮರಳಿದ ಮೇಲೆ, ಬೊಲೊನ್ಯಾದ ಕತೆ ಹೇಳುವುದಕ್ಕೆಂದೇ ಅವಳು ಡಾಕ್ಟರ ಮನೆಯ ಶನಿವಾರಕ್ಕೆ ಬಂದಳು. ಯಾವ ವೈನು, ಯಾವ ವರ್ಷದ್ದು, ಏನು ಘಮ ಎಂದು ಡಾಕ್ಟರು ನನ್ನನ್ನು ಪೀಡಿಸಿದರು. ಬೆಳ್ಳುಳ್ಳಿ ಎಂದೆ. ಕೈಮೀರಿದ ರೋಗಿಯನ್ನು ನೋಡುವಂತೆ ನೋಡಿದರು. ಅತ್ತ ವಸುಧಾ ಡಾಕ್ಟರ ಹೆಂಡತಿಯ ಜೊತೆ, ವಸಂತದಲ್ಲಿ ಮತ್ತೆ ಬೊಲೊನ್ಯಾಕ್ಕೆ ಹೋಗುವ ಮಾತಾಡುತ್ತಿದ್ದಳು.

"ನಿಮ್ಮೆಜಮಾನ್ರೂ ಬರ್ತಾರೇನ್ರೀ?"

ವಸುಧಾ ನನ್ನತ್ತ ನೋಡಿದಳು. "ರೊಟ್ಟಿ ಬಡೀಲಿಕ್ಕೆ ಕಲ್ತರ ಬರಲಿ."

ಈಗ ನನ್ನ ಶನಿವಾರಗಳು ಅಡುಗೆಮನೆಯಲ್ಲಿ ಕಳೆಯುತ್ತಿವೆ. ಜೋಳದ ಹಿಟ್ಟು ನನ್ನ ಕೈಯಲ್ಲಿ ಒಂದೋ ಹರಿಯುತ್ತದೆ, ಇಲ್ಲವೇ ದೇಶದೇಶಗಳ ನಕಾಶೆಯಾಗುತ್ತದೆ. ನಿನ್ನೆ ಹಂಚಿನ ಮೇಲೆ ಒಂದು ಕರಕಲಾಗಿ, ಹೊಗೆಯ ಅಲಾರ್ಮು ಕಿರುಚಿಕೊಂಡಿತು. ವಸುಧಾ ಕುರ್ಚಿ ಹತ್ತಿ ಟವೆಲ್ಲಿನಿಂದ ಅದಕ್ಕೆ ಗಾಳಿ ಬೀಸುತ್ತ ಕೆಳಗೆ ನೋಡಿದಳು.

"ಬಡೀರಿ, ಬಡೀರಿ. ಟಿಕೀಟು ಸದ್ಯಕ್ಕ ನಂದೊಂದ ತಗಸೇನಿ."