ಎಲ್ಲ ಕಂಪ್ಯೂಟರಿನಲ್ಲೂ ಬೀಳುವ ಸ್ಕೂಟರ್

ಉರ್ವ ಮಾರ್ಕೆಟಿನ ಹತ್ತಿರ ನಮ್ಮದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ಉಪನಯನ, ಗೃಹಪ್ರವೇಶಗಳ ವಿಡಿಯೊ ಮಾಡುವುದು ನಮ್ಮ ಕೆಲಸ. ನಾನು ಕ್ಯಾಮೆರಾ ಹಿಡಿಯುತ್ತೇನೆ, ಹೆಂಡತಿ ಎಡಿಟಿಂಗ್ ಮಾಡುತ್ತಾಳೆ. ಹಿಂದೆ ಎಲ್ಲರಿಗೂ ಡಿಸ್ಕ್ ಬೇಕಾಗಿತ್ತು. ಈಗ ಮದುಮಕ್ಕಳ ಕೈಗೆ ಡಿಸ್ಕ್ ಕೊಟ್ಟರೆ ಅದರಲ್ಲಿ ಮುಖ ನೋಡಿಕೊಂಡು, ಕೂದಲು ಸರಿಮಾಡಿಕೊಂಡು ವಾಪಸು ಕೊಡುತ್ತಾರೆ. ಅದನ್ನು ಹಾಕುವ ಯಂತ್ರ ಯಾರ ಮನೆಯಲ್ಲೂ ಇಲ್ಲ. ಕಪಾಟಿನಲ್ಲಿ ಉಳಿದುಹೋಗಿದ್ದ ಖಾಲಿ ಡಿಸ್ಕುಗಳ ಕಟ್ಟನ್ನು ನಾವು ಮತ್ತೆ ಹೊರತೆಗೆದದ್ದು ಅಂಗಡಿಯ ಎದುರು ನಡೆದ ಒಂದು ಅಪಘಾತದಿಂದಾಗಿ.

ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ. ಬೆಳಿಗ್ಗೆ ಶಟರ್ ಎತ್ತಿ, ರಸ್ತೆಯ ಕಡೆ ತಿರುಗಿಸಿಟ್ಟ ಸಿಸಿಟಿವಿ ಕ್ಯಾಮೆರಾದ ಕೆಳಗೆ ಹೊಸಿಲಿನಲ್ಲಿ ನಿಂತಿದ್ದೆ. ರಸ್ತೆಯ ಬದಿಯಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಒಂದು ಸ್ಕೂಟರ್ ಬಂತು. ಗಂಡ ಮುಂದೆ, ಹೆಂಡತಿ ಹಿಂದೆ, ಗಂಡನ ಕಾಲ ಬಳಿ ಮೀನಿನ ಪೆಟ್ಟಿಗೆ. ಕಾರಿನ ಬಾಗಿಲು ತೆರೆಯಿತು. ಸ್ಕೂಟರ್ ಅದರ ಅಂಚಿಗೆ ಬಡಿದು ಮಗುಚಿತು. ಬಾಗಿಲು ತೆರೆದದ್ದನ್ನು ಕಂಡೆ ಎಂದು ಹೇಳಬಲ್ಲೆ. ಆಗ ಸ್ಕೂಟರ್ ಎಷ್ಟು ದೂರದಲ್ಲಿತ್ತು ಎಂದು ಹೇಳಲಾರೆ. ನಾನು ಓಡಿಹೋದೆ ಎಂದು ಜನ ಹೇಳುತ್ತಾರೆ. ಓಡಿದ್ದು ನನಗೆ ನೆನಪಿಲ್ಲ. ನೆನಪಿರುವುದು ರಸ್ತೆಯ ತುಂಬ ಚೆಲ್ಲಿದ ಮೀನು, ಮಂಜುಗಡ್ಡೆಯ ಚೂರು, ಅವುಗಳ ನಡುವೆ ಆ ಹೆಂಗಸು ಒಂದು ಸದ್ದೂ ಮಾಡದೆ ಮಲಗಿದ್ದದ್ದು.

ಗಂಡ ಹೆಂಡತಿ ಬೋಳೂರಿನವರು. ಕಡಲಿಗೆ ದೋಣಿ ಇಳಿಸುತ್ತಿದ್ದ ಮನೆತನ; ಅವರದ್ದು ಈಗ ದೋಣಿಗಳು ಬಂದು ನಿಲ್ಲುವ ದಕ್ಕೆಯಿಂದ ಮೀನು ತಂದು ಹೋಟೆಲುಗಳಿಗೆ ಹಾಕುವ ವ್ಯಾಪಾರ. ಗಂಡನಿಗೆ ಮೊಣಕೈ ತರಚಿತ್ತು ಅಷ್ಟೆ. ಹೆಂಡತಿಯ ಸೊಂಟದ ಮೂಳೆ ಮುರಿದಿತ್ತು. ಬಾಗಿಲು ಮೊದಲೇ ತೆರೆದಿತ್ತು, ಸ್ಕೂಟರಿನವನೇ ನೋಡದೆ ವೇಗವಾಗಿ ಬಂದು ಹೊಡೆದ ಎಂದು ಕಾರಿನವರು ದೂರು ಕೊಟ್ಟರು. ಅಜಾಗರೂಕ ಚಾಲನೆಯ ಕೇಸಾಯಿತು. ಹೀಗೆ ಆ ಮನುಷ್ಯ ಸ್ವಂತ ಹೆಂಡತಿಯ ಸೊಂಟ ಮುರಿದ ಆರೋಪಿಯಾಗಿ, ದಿನವೂ ಅದೇ ಹೆಂಡತಿಗೆ ಗಂಜಿ ಹೊತ್ತುಕೊಂಡು ಅತ್ತಾವರದ ಆಸ್ಪತ್ರೆಗೆ ಹೋಗತೊಡಗಿದರು.

ನಾನೂ ಒಮ್ಮೆ ನೋಡಲು ಹೋದೆ. ಅಲ್ಲಿ ಇನ್ನೊಂದು ವಿಚಾರಣೆ ನಡೆಯುತ್ತಿತ್ತು.

“ಬಾಗಿಲು, ಬಾಗಿಲು ಅಂತ ಹೇಳಿದೆ ನಾನು. ಇವರು ಕೇಳ್ಳಿಲ್ಲ,” ಎಂದರು ಆಕೆ ಮಲಗಿದಲ್ಲಿಂದಲೇ.

“ಅವಳು ಬಾಯೇ ಬಿಡ್ಲಿಲ್ಲ ಭಟ್ರೆ. ಬಿದ್ದ ಮೇಲೆ ಹೇಳಿದ್ದು.”

“ಹೌದು, ಹೆಲ್ಮೆಟಿನ ಒಳಗೆ ನನ್ನ ಮಾತು ಎಲ್ಲಿ ಹೋಗ್ತದೆ? ಹೆಲ್ಮೆಟ್ ಇಲ್ಲದಾಗ್ಲೂ ಹೋದದ್ದಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ನಿಮ್ಮ ಅಂಗಡಿ ಕ್ಯಾಮೆರಾದಲ್ಲಿ ಉಂಟಲ್ಲ? ನೀವೇ ಹೇಳಿ.”

ಅದರಲ್ಲಿ ಚಿತ್ರ ಮಾತ್ರ ಇದೆ, ಶಬ್ದ ಇಲ್ಲ ಎಂದೆ. ಗಂಡನಿಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ತಿಳಿಯಲಿಲ್ಲ. ನನ್ನನ್ನು ಬಿಡಲು ಲಿಫ್ಟಿನವರೆಗೆ ಬಂದರು. ಆ ದೃಶ್ಯವನ್ನು ಒಮ್ಮೆ ನೋಡುತ್ತೀರಾ ಎಂದು ಕೇಳಿದೆ.

“ಬೇಡ ಮಾರಾಯ್ರೆ. ಅವಳು ಬೀಳುವುದನ್ನು ನಾನು ಪುನಃ ಕೂತು ನೋಡುವುದಾ? ಕೋರ್ಟು ನೋಡ್ಲಿ. ಅವಳು ಹೇಳಿದ್ದೇ ಹೌದಾದ್ರೆ...” ಅವರು ಲಿಫ್ಟಿನ ಗುಂಡಿ ಒತ್ತಿದರು.

ಪೊಲೀಸರು ದೃಶ್ಯವನ್ನು ಡಿಸ್ಕಿನಲ್ಲಿ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹಾಕಿ ಕೊಟ್ಟೆ. ಠಾಣೆಯ ಕಂಪ್ಯೂಟರ್ ಅದನ್ನು ನುಂಗಿ, ಗುರುಗುಟ್ಟಿ, ಕಪ್ಪು ಪರದೆ ತೋರಿಸಿ ಹೊರಗೆ ಹಾಕಿತು. ಇಂಥ ಕ್ಯಾಮೆರಾಗಳಿಗೆ ತಮ್ಮದೇ ಒಂದು ಫಾರ್ಮ್ಯಾಟ್ ಇರುತ್ತದೆ; ಅವುಗಳ ಸಾಫ್ಟ್‌ವೇರ್ ಇಲ್ಲದೆ ತೆರೆಯುವುದಿಲ್ಲ. “ಎಲ್ಲ ಕಂಪ್ಯೂಟರಿನಲ್ಲಿ ಓಡುವ ಹಾಗೆ ಮಾಡಿ ತನ್ನಿ. ಕೋರ್ಟಿನದ್ದು ಇದಕ್ಕಿಂತಲೂ ಅಜ್ಜ,” ಎಂದರು ಅಧಿಕಾರಿ.

ಎಲ್ಲ ಕಡೆ ಓಡುವ ಡಿಸ್ಕ್ ಮಾಡುವುದು ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತು. ಚಿತ್ರವನ್ನು ಹಳೆಯ ಯಂತ್ರಗಳಿಗೂ ಅರ್ಥವಾಗುವ ಅಳತೆಗೆ ಇಳಿಸಬೇಕು. ಅವಸರ ಮಾಡದೆ ಕಡಿಮೆ ವೇಗದಲ್ಲಿ ಬರೆಯಬೇಕು. ಬರೆದಾದ ಮೇಲೆ ಡಿಸ್ಕನ್ನು ಮುಕ್ತಾಯಗೊಳಿಸಬೇಕು. ಇಲ್ಲದಿದ್ದರೆ ಬರೆದ ಯಂತ್ರದಲ್ಲಿ ಮಾತ್ರ ಓಡುತ್ತದೆ. ಮೇಲೆ ಚೀಟಿ ಅಂಟಿಸಬಾರದು, ತಿರುಗುವಾಗ ತೂಕ ತಪ್ಪುತ್ತದೆ. ಅವಳು ಇದನ್ನೆಲ್ಲ ಮಾಡಿದಳು. ಹಾಗೆಯೇ, ಯಾವ ಮನೆಯಿಂದಲೂ ಇದುವರೆಗೆ ದೂರು ಬಾರದ ನಮ್ಮ ಸಿದ್ಧ ಚೌಕಟ್ಟಿನೊಳಗೆ ಅದನ್ನು ಕೂರಿಸಿದಳು. ಕೊಡುವ ಮೊದಲು ಇಬ್ಬರೂ ಹಾಕಿ ನೋಡಿದೆವು. ಸರಿಯಾಗಿತ್ತು.

ಠಾಣೆಯಲ್ಲಿ ಅದು ತಕ್ಷಣ ಓಡಿತು. ಮೊದಲು ನಾಗಸ್ವರ ಮೊಳಗಿತು. ಮೇಲಿನಿಂದ ಗುಲಾಬಿ ಪಕಳೆಗಳು ಉದುರಿದವು. ಚಿನ್ನದ ಅಕ್ಷರದಲ್ಲಿ ‘ಶುಭವಿವಾಹ’ ಎಂದು ಮೂಡಿತು. ಪಕಳೆಗಳು ಸರಿದಾಗ ಬಿಳಿ ಕಾರು ಕಂಡಿತು, ಸ್ಕೂಟರ್ ಬಂತು, ನಾಗಸ್ವರದ ನಡುವೆಯೇ ಆ ಹೆಂಗಸು ಬಿದ್ದರು.

“ಇದೆಂತ ಭಟ್ರೆ, ಮದುವೆಗೆ ಕರೀಲಿಕ್ಕೆ ಬಂದದ್ದಾ?” ಎಂದರು ಅಧಿಕಾರಿ. ಹಿಂದಿನ ಮೇಜಿನವರು, “ಊಟ ಉಂಟಾ ಕೇಳಿ ಸಾರ್,” ಎಂದರು.

ಆ ಪಕಳೆಗಳನ್ನು ನಾವು ವರ್ಷಗಳಿಂದ ಎಷ್ಟು ಸಲ ನೋಡಿದ್ದೆವೆಂದರೆ, ಅವು ನಮ್ಮ ಕಣ್ಣಿಗೆ ಬೀಳುವುದನ್ನೇ ಬಿಟ್ಟಿದ್ದವು.

ಆ ಡಿಸ್ಕ್ ನೋಡಿದ ಸ್ಕೂಟರಿನವರ ವಕೀಲೆ ನಗಲಿಲ್ಲ. “ಇದನ್ನು ಕೋರ್ಟಿಗೆ ಕೊಟ್ರೆ ಮುಗೀತು. ಹೂ ಹಾಕಿದವರು ಬಾಗಿಲನ್ನೂ ಬೇಕಾದ ಹಾಗೆ ತೆರೆದಿರಬಹುದು ಅಂತ ಎದುರಿನವರು ಹೇಳ್ತಾರೆ. ನನಗೆ ಮೂಲವೂ ಬೇಕು, ಓಡುವುದೂ ಬೇಕು,” ಎಂದರು. ಮೂಲವಾದದ್ದು ಓಡುವುದಿಲ್ಲ, ಓಡುವುದು ಮೂಲವಲ್ಲ ಎಂದು ವಿವರಿಸಿದೆ. “ಹಾಗಾದ್ರೆ ಎರಡು ಡಿಸ್ಕ್ ಮಾಡಿ. ಮೂಲದ್ದರ ಜೊತೆ ಅದರ ಸಾಫ್ಟ್‌ವೇರ್ ಹಾಕಿ. ಎರಡೂ ಓಡ್ತದಾ ಅಂತ ಬೇರೆ ಬೇರೆ ಕಡೆ ನೋಡಿ. ಕೋರ್ಟಿನಲ್ಲಿ ನಿಂತುಹೋದ್ರೆ ತಿಂಗಳುಗಟ್ಟಲೆ ಮುಂದೆ ಹೋಗ್ತದೆ.”

ಹೀಗೆ ನಾವು ಡಿಸ್ಕ್ ಹಿಡಿದು ಊರಿನ ಕಂಪ್ಯೂಟರುಗಳನ್ನು ಹುಡುಕುತ್ತ ಹೊರಟೆವು. ಮಣ್ಣಗುಡ್ಡದ ಒಂದು ದೇವಸ್ಥಾನದಲ್ಲಿ ನನ್ನ ಅಣ್ಣ ಅರ್ಚಕ. ಅಲ್ಲಿನ ಆಫೀಸಿನಲ್ಲಿ ಸೇವೆಯ ರಶೀದಿ ಕೊಡುವ ಒಂದು ಮುದಿ ಕಂಪ್ಯೂಟರ್ ಇತ್ತು. ಅದರಲ್ಲಿ ಓಡಿದರೆ ಕೋರ್ಟಿನಲ್ಲೂ ಓಡುತ್ತದೆ ಎಂದು ನಮ್ಮ ಲೆಕ್ಕ. ರಶೀದಿಗೆ ನಿಂತವರೆಲ್ಲ ಇಣುಕಿದರು. ಸ್ಕೂಟರ್ ಬಿತ್ತು.

“ಅಯ್ಯೋ ಪಾಪ,” ಎಂದರು ಒಬ್ಬರು. ಮತ್ತೊಬ್ಬರು, “ಸ್ವಲ್ಪ ಹಿಂದೆ ಹಾಕಿ. ಚೆಲ್ಲಿದ್ದು ಬಂಗುಡೆಯಾ, ಬೂತಾಯಿಯಾ?” ಎಂದರು.

ಗರ್ಭಗುಡಿಯಿಂದ ಬಂದ ಅಣ್ಣ ಪರದೆ ನೋಡಿದ. “ದೇವಸ್ಥಾನದ ಕಂಪ್ಯೂಟರಿನಲ್ಲಿ ಮೀನಾ? ನಿನಗೆ ಬೇರೆ ಜಾಗ ಸಿಗ್ಲಿಲ್ವಾ ಮಾರಾಯ?”

ಬೇರೆ ಜಾಗಗಳಿಗೂ ಹೋದೆವು. ಪಕ್ಕದ ಮನೆಯ ನರ್ಸ್, ಪರಿಚಯದ ಟೈಲರ್, ಹೆಂಡತಿಯ ತಂಗಿ. ಹೊಸ ಲ್ಯಾಪ್‌ಟಾಪುಗಳಿಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲದ್ದರಿಂದ ಹೊರಗಿನ ಡ್ರೈವ್ ಒಂದನ್ನು ಚೀಲದಲ್ಲಿ ಒಯ್ಯುತ್ತಿದ್ದೆ. ಟೈಲರನ ಕಂಪ್ಯೂಟರಿನಲ್ಲಿ ಚಿತ್ರ ಬಾಗಿಲು ತೆರೆಯುವಲ್ಲೇ ನಿಂತುಬಿಟ್ಟಿತು. ಹೆಂಡತಿ ಇನ್ನೂ ನಿಧಾನವಾಗಿ ಮತ್ತೊಂದು ಡಿಸ್ಕ್ ಬರೆದಳು. ಅದನ್ನು ಅಲ್ಲೇ ಹಾಕಿ ಉಸಿರು ಬಿಗಿಹಿಡಿದು ನೋಡಿದೆವು. ಬಾಗಿಲು ತೆರೆಯಿತು, ಸ್ಕೂಟರ್ ಬಡಿಯಿತು, ಆ ಹೆಂಗಸು ನೆಲಕ್ಕೆ ಬಿದ್ದರು.

“ಅಬ್ಬ, ಬಿತ್ತು,” ಎಂದೆ ನಾನು.

ಹೆಂಡತಿ ನನ್ನ ಮುಖ ನೋಡಿದಳು. ನಾನು ಡಿಸ್ಕ್ ತೆಗೆದು ಜೇಬಿಗೆ ಹಾಕಿಕೊಂಡೆ. ಕವರಿಗೆ ಹಾಕಬೇಕೆಂದು ಹೊಳೆಯಲಿಲ್ಲ. ಆ ದಿನಗಳಲ್ಲಿ ನಿಂತ ಕಾರುಗಳ ಪಕ್ಕ ನಡೆಯುವುದಕ್ಕೂ ನನಗೆ ಕಾಲು ಬರುತ್ತಿರಲಿಲ್ಲ. ಮಾರ್ಕೆಟಿಗೆ ಸುತ್ತುಬಳಸಿ ಹೋಗುತ್ತಿದ್ದೆ. ಆದರೂ ಡಿಸ್ಕ್ ಚೆನ್ನಾಗಿ ಬಂದಿದೆ ಎಂಬ ಹೆಮ್ಮೆಯೊಂದು ಒಳಗೆ ಇದ್ದೇ ಇತ್ತು.

ಕೋರ್ಟಿನಲ್ಲಿ ನನ್ನ ಸಾಕ್ಷಿಯಾಯಿತು. ಎರಡು ಡಿಸ್ಕ್‌ಗಳೂ ಓಡಿದವು. ಪರದೆ ನ್ಯಾಯಾಧೀಶರ ಕಡೆಗೂ ವಕೀಲರ ಕಡೆಗೂ ತಿರುಗಿತ್ತು. ಕಟಕಟೆಯಲ್ಲಿ ನಿಂತ ಸ್ಕೂಟರಿನವರಿಗೆ ಕಂಡದ್ದು ಅದರ ಬೆನ್ನು ಮತ್ತು ವೈರುಗಳು. ಸ್ಕೂಟರ್ ತೀರ ಹತ್ತಿರ ಬಂದ ಮೇಲೆ ಬಾಗಿಲು ತೆರೆದದ್ದು ಸ್ಪಷ್ಟವಾಗಿತ್ತು. ಮುಂದೊಂದು ದಿನ ತೀರ್ಪು ಬಂತು. ಸ್ಕೂಟರಿನವರ ತಪ್ಪಿಲ್ಲ ಎಂದಾಯಿತು.

ಮರುದಿನ ಅವರು ಅಂಗಡಿಗೆ ಬಂದರು. ಹೆಂಡತಿ ಈಗ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾಳೆ ಎಂದರು. ಆಮೇಲೆ, “ಈಗ ನೋಡ್ತೇನೆ,” ಎಂದರು.

ಮೂಲವನ್ನು ಹಾಕಿದೆ. ನಾನು ಎಂದಿನಂತೆ ಬಾಗಿಲನ್ನೇ ನೋಡುತ್ತಿದ್ದೆ. ಅವರು ಬಾಗಿಲನ್ನು ನೋಡಲೇ ಇಲ್ಲ.

“ನಿಲ್ಲಿಸಿ. ಅದೆಂತ?”

ಹಿಂದಕ್ಕೆ ತಂದು ನಿಲ್ಲಿಸಿದೆ. ಬಾಗಿಲು ಇನ್ನೂ ಮುಚ್ಚಿತ್ತು. ಹಿಂದೆ ಕೂತ ಹೆಂಗಸಿನ ಬಲಗೈ ಗಂಡನ ಭುಜವನ್ನು ದಾಟಿ ಮುಂದೆ ಚಾಚಿತ್ತು. ಬೆರಳು ಕಾರನ್ನು ತೋರಿಸುತ್ತಿತ್ತು. ಒಳಗಿನವರು ಏಳಲು ಹೊರಟದ್ದು ಆಕೆಗೆ ಕಂಡಿರಬೇಕು. ಅಷ್ಟು ಜನರಿಗೆ, ಅಷ್ಟು ಕಡೆ ತೋರಿಸಿದ ನಾನು ಆ ಕೈಯನ್ನು ನೋಡಿರಲಿಲ್ಲ.

ಅವರು ಪರದೆಯ ಹತ್ತಿರಕ್ಕೆ ಬಾಗಿದರು. “ಹೇಳಿದ್ದಾಳೆ,” ಎಂದರು. “ಭುಜಕ್ಕೆ ತಾಗಿದ್ದು ನನಗೆ ನೆನಪುಂಟು. ಬ್ಯಾಂಕಿನ ಹತ್ರ ನಿಲ್ಲಿಸಿ ಅಂತ ಹೇಳುವುದು ಅಂತ ಎಣಿಸಿದೆ.”

ಆ ಕ್ಷಣದಲ್ಲಿ ಬ್ರೇಕ್ ಹಾಕಿದ್ದರೂ ನಿಲ್ಲುತ್ತಿರಲಿಲ್ಲವೇನೋ ಎಂದೆ. ಹಾಗೆ ಹೇಳಲು ನನ್ನ ಬಳಿ ಆಧಾರವೇನೂ ಇರಲಿಲ್ಲ. ಅವರು ತಮಗೊಂದು ಡಿಸ್ಕ್ ಬೇಕು, ಮನೆಯಲ್ಲಿ ತಮ್ಮನ ಮಗಳ ಹಳೆಯ ಕಂಪ್ಯೂಟರ್ ಇದೆ ಎಂದರು.

ಎಲ್ಲ ಕಡೆ ಓಡುವ ಡಿಸ್ಕನ್ನೇ ತೆಗೆದೆ. ಕೊಡುವ ಮೊದಲು ಹಾಕಿ ನೋಡಿದೆ. ಹಳೆಯ ಅಳತೆಗೆ ಇಳಿಸಿದ ಆ ಚಿತ್ರದಲ್ಲಿ ಬಾಗಿಲು ಸ್ಪಷ್ಟವಾಗಿತ್ತು. ಕೈ ಮಾತ್ರ ಗಂಡನ ಅಂಗಿಯ ಬಣ್ಣದೊಳಗೆ ಕರಗಿ ಒಂದು ಕಲೆಯಾಗಿತ್ತು. ಅವರೂ ನೋಡಿದರು.

“ಇದರಲ್ಲಿ ಕೈ ಇಲ್ಲ.”

“ಇಲ್ಲ. ಆದ್ರೆ ಇದು ಎಲ್ಲದರಲ್ಲಿ ಓಡ್ತದೆ. ಇನ್ನೊಂದು ನಿಮ್ಮಲ್ಲಿ ಓಡ್ತದಾ ಅಂತ ಹೇಳ್ಲಿಕ್ಕೆ ಆಗುವುದಿಲ್ಲ.”

“ಆ ಇನ್ನೊಂದನ್ನೇ ಕೊಡಿ,” ಎಂದರು. “ಓಡದಿದ್ರೆ ನೀವು ಬಂದು ಓಡಿಸಿ ಕೊಡ್ಬೇಕು. ಅವಳ ಎದುರು ನಾನೇ ಕೂತ್ಕೊಳ್ತೇನೆ.”

ನನ್ನ ಹೆಂಡತಿ ಕಡಿಮೆ ವೇಗಕ್ಕೆ ಇಟ್ಟು ಬರೆಯಲು ಶುರುಮಾಡಿದಳು. ಅವರು ಸ್ಟೂಲಿನ ಮೇಲೆ ಕೂತು ಅದು ಮುಗಿಯುವುದನ್ನು ಕಾದರು.