ಅಮ್ಮನ ಸೀಟು

ಎರಡು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೊರಟರೆ ಅದಕ್ಕೆ ಪ್ರವಾಸ ಅನ್ನಬಾರದು, ಮನೆ ಖಾಲಿ ಮಾಡಿದೆವು ಅನ್ನಬೇಕು. ತೊಂಬತ್ತರ ದಶಕದ ಕೊನೆಯ ಒಂದು ದಸರಾ ರಜೆಯಲ್ಲಿ ನಾವೂ ಹಾಗೇ ಹೊರಟೆವು. ಆಗ ನಾವು ಅರಸೀಕೆರೆಯಲ್ಲಿದ್ದೆವು. ನನ್ನ ಗಂಡನಿಗೆ ಅಲ್ಲೇ ಒಂದು ಆಫೀಸಿನಲ್ಲಿ ಗುಮಾಸ್ತಿಕೆ. ಮಗಳಿಗೆ ಮೂರು ತುಂಬಿತ್ತು, ಮಗ ಇನ್ನೂ ತಪ್ಪು ಹೆಜ್ಜೆ ಹಾಕುತ್ತಿದ್ದ.

ಇನ್ನೆರಡು ವರ್ಷ ತಡೆಯಿರಿ, ಮಕ್ಕಳು ಸ್ವಲ್ಪ ಬಲಿಯಲಿ ಅಂದೆ. ಇವರು ಕೇಳಲಿಲ್ಲ. "ಫಾರಿನ್ನಿಂದ ಬಂದು ನೋಡ್ಕೊಂಡು ಹೋಗ್ತಾರೆ. ನಾವು ಮಗ್ಗುಲಲ್ಲೇ ಇದ್ದೂ ಹಳೇಬೀಡು ಬೇಲೂರು ನೋಡಿಲ್ಲ ಅಂದ್ರೆ ಆಫೀಸಲ್ಲಿ ನಗ್ತಾರೆ ಕಣೇ" ಅಂದರು. ಆಫೀಸಿನವರು ನಗಬಾರದು ಅಂತ ನಾನು ಚೀಲ ತುಂಬಿದೆ. ಲಂಗೋಟಿ, ಹಾಲಿನ ಬಾಟಲಿ, ಬಿಸಿನೀರಿನ ಫ್ಲಾಸ್ಕು, ಗ್ರೈಪ್ ವಾಟರು, ಮೊಸರನ್ನದ ಡಬ್ಬಿ. ಇವರು ಕ್ಯಾಮೆರಾ ಒಂದನ್ನು ಕೊರಳಿಗೆ ಹಾಕಿಕೊಂಡರು. ಅದೂ ಎರವಲು.

ಹಳೇಬೀಡು ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಚಪ್ಪಲಿ ಬಿಟ್ಟು ಕಲ್ಲುಹಾಸಿನ ಮೇಲೆ ಕಾಲಿಟ್ಟರೆ ಕಾದ ಹೆಂಚು. ಮಗ ಕಾಲು ಸುಟ್ಟುಕೊಂಡು ಕಿರುಚಿದ, ಆಮೇಲೆ ನೆಲಕ್ಕೆ ಇಳಿಯಲೇ ಇಲ್ಲ. ಮಗಳಿಗೆ ಗೋಡೆಯ ಮೇಲಿನ ಆನೆ ಸಾಲು ತೋರಿಸಿದರೆ, ಅವಳಿಗೆ ಬೇಕಾದದ್ದು ನಂದಿಮಂಟಪದ ನೆರಳಲ್ಲಿ ಮಲಗಿದ್ದ ನಾಯಿ. ಅಷ್ಟರಲ್ಲಿ ಮಗನಿಗೆ ಭೇದಿ ಶುರುವಾಯಿತು. ಅಷ್ಟು ದೊಡ್ಡ ದೇವಸ್ಥಾನದಲ್ಲಿ ನಾನು ಕಣ್ತುಂಬ ನೋಡಿದ್ದು ಒಂದು ನಲ್ಲಿಯನ್ನು ಮಾತ್ರ. ಲಂಗೋಟಿ ಒಗೆದು ಹಿಂಡುತ್ತಿದ್ದಾಗ ಇವರು ಫೋಟೋಕ್ಕೆ ನಿಲ್ಲು ಬಾ ಅಂದರು. ನಾನು ಅಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮಧ್ಯಾಹ್ನ ಬೇಲೂರಿನ ಬಸ್ಸಿಗೆ ಕಾದೆವು. ವಾಪಸು ಮನೆಗೆ ಹೋಗೋಣ ಅಂದೆ, ಬಂದದ್ದು ಬಂದಿದ್ದೀವಿ ಅಂದರು. ರಜೆಯ ಜನ, ಮದುವೆಗೆ ಹೊರಟ ಜನ, ಸಂತೆಯ ಜನ ಎಲ್ಲ ಒಂದೇ ಕಡೆ ಸೇರಿದ್ದರು. ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯುವ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲನ್ನೋ ಚೀಲವನ್ನೋ ಸೀಟಿನ ಮೇಲೆ ಹಾಕಿಬಿಡುವುದು, ಆಮೇಲೆ ನಿಧಾನವಾಗಿ ಬಾಗಿಲಿಂದ ಹತ್ತಿ ಹೋಗಿ ಕೂರುವುದು. ಟವೆಲ್ಲಿಗೆ ಮರ್ಯಾದೆ ಕೊಡದೆ ಎತ್ತಿ ಬಿಸಾಡುವವರೂ ಇದ್ದಾರೆ. ಮಗುವನ್ನು ಮಾತ್ರ ಯಾರೂ ಬಿಸಾಡುವುದಿಲ್ಲ. ಹಾಗಾಗಿ ಮಕ್ಕಳಿದ್ದವರು ಮಗುವನ್ನೇ ಕಿಟಕಿಯೊಳಗೆ ಇಳಿಸುತ್ತಾರೆ. ನಮ್ಮಪ್ಪ ನನ್ನನ್ನೂ ಹಾಗೆ ಇಳಿಸಿದವರೇ. ಅದರಲ್ಲಿ ವಿಶೇಷ ಏನೂ ಇರಲಿಲ್ಲ.

ಬಸ್ಸು ಬಂತು. ನನ್ನ ಗಂಡ ಮಗಳನ್ನು ಎತ್ತಿ, ಕಂಬಿ ಕಿತ್ತುಹೋಗಿದ್ದ ಒಂದು ಕಿಟಕಿಯೊಳಗೆ ಇಳಿಸಿ, "ಯಾರ್ ಬಂದ್ರೂ ಏಳ್ಬೇಡ ಪುಟ್ಟಿ, ಇದು ನಮ್ಮಮ್ಮನ ಸೀಟು ಅನ್ನು" ಅಂದರು. ಅವಳು ಖುಷಿಯಿಂದ ತಲೆಯಾಡಿಸಿದಳು. ಬೆಳಗಿನಿಂದ ಯಾರೂ ಅವಳಿಗೆ ಒಂದು ಕೆಲಸ ಅಂತ ಕೊಟ್ಟಿರಲಿಲ್ಲ.

ಬಾಗಿಲಿಗೆ ಹೋದರೆ ಜನ ಜೇನು ಕಟ್ಟಿದಂತೆ ಕಟ್ಟಿದ್ದರು. ನಾನು ಮಗನನ್ನು ಎತ್ತಿಕೊಂಡು ಹಿಂದೆ, ಇವರು ಚೀಲ ಹಿಡಿದು ಮುಂದೆ. ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ. ಕಂಡಕ್ಟರು ಬಾಗಿಲಿಗೆ ಅಡ್ಡ ಕೈ ಹಿಡಿದ. "ಮಗು ಒಳಗಿದೆ ರೀ" ಅಂತ ಇವರು ಕೂಗಿದರು. ಆತ ಇವರ ಮುಖವನ್ನೂ ನೋಡಲಿಲ್ಲ. "ಎಲ್ಲಾರ್ ಮಕ್ಳೂ ಒಳಗೇ ಐತೆ ಕಣ್ರೀ. ಹಿಂದ್ಗಡೆ ಖಾಲಿ ಬಸ್ ಬತ್ತೈತೆ, ಅದ್ರಲ್ಲಿ ಬನ್ನಿ" ಅಂದ.

ಆತನನ್ನು ದೂರಿ ಪ್ರಯೋಜನವಿಲ್ಲ. ಹತ್ತಲು ಬಿಡದಿದ್ದರೆ ನಮ್ಮಲ್ಲಿ ಎಲ್ಲರೂ ಹೇಳುವ ಸುಳ್ಳು ಅದೇ. ಮಗು ಒಳಗಿದೆ, ಹೆಂಗಸರು ಒಳಗಿದ್ದಾರೆ, ಮುದುಕಿ ಒಳಗಿದ್ದಾಳೆ. ನನ್ನ ಗಂಡನೂ ಹಿಂದೆ ಆ ಸುಳ್ಳು ಹೇಳಿ ಬಸ್ಸು ಹತ್ತಿದ್ದನ್ನು ನಾನೇ ಕಂಡಿದ್ದೆ. ಆವತ್ತು ನಮ್ಮ ಪಕ್ಕದಲ್ಲೇ ಇನ್ನಿಬ್ಬರು ಅದೇ ಮಾತು ಕೂಗುತ್ತಿದ್ದರು. ಆತ ಸೀಟಿ ಊದಿದ. ಬಸ್ಸು ಹೊರಟಿತು.

ಇವರು ಚೀಲ ಬಿಸುಟು ಓಡಿದರು, ಬಸ್ಸಿನ ಮೈ ಬಡಿದರು. ಬಡಿಯುತ್ತಾ ಓಡುವವರನ್ನು ಕಂಡರೆ ಡ್ರೈವರುಗಳು ಇನ್ನೂ ಜೋರು ಮಾಡುತ್ತಾರೆ. ತಿರುವಿನಲ್ಲಿ ಬರೀ ಧೂಳು ಉಳಿಯಿತು. ನಾನು ರಸ್ತೆಯ ನಡುವೆ ಒಡೆದುಹೋದ ಫ್ಲಾಸ್ಕನ್ನು ಬಗ್ಗಿ ಎತ್ತಿಕೊಂಡೆ, ಯಾಕೆಂದು ಇವತ್ತಿಗೂ ತಿಳಿಯದು.

ಖಾಲಿ ಬಸ್ಸು ಬರಲಿಲ್ಲ. ಅದೂ ಒಂದು ಸುಳ್ಳೇ. ಹಾಲಿನ ಕ್ಯಾನು ಹೇರಿಕೊಂಡು ಬೇಲೂರಿಗೆ ಹೊರಟಿದ್ದ ಒಂದು ಟೆಂಪೋದವನು ವಿಷಯ ಕೇಳಿ ಹತ್ತಿಸಿಕೊಂಡ. ಹುಳಿ ಹಾಲಿನ ವಾಸನೆಯ ಆ ಮುಂದಿನ ಸೀಟಿನಲ್ಲಿ ನಾವು ಮೂವರು. "ಏನೂ ಆಗಲ್ಲ, ಜನ ಇದಾರೆ" ಅಂತ ಇವರು ಹೇಳುತ್ತಲೇ ಇದ್ದರು. "ಜನ ಇರೋದೇ ಭಯ" ಅಂದೆ. ಆ ವರ್ಷಗಳಲ್ಲಿ ಮಕ್ಕಳ ಕಳ್ಳರ ಸುದ್ದಿ ಊರೂರಲ್ಲಿ ಹಬ್ಬಿತ್ತು. ಯಾರೋ ಎತ್ತಿಕೊಂಡು ದಾರಿಯಲ್ಲಿ ಇಳಿದಿದ್ದರೆ? ನಮ್ಮನ್ನು ಹುಡುಕಿಕೊಂಡು ಅವಳೇ ಇಳಿದುಬಿಟ್ಟಿದ್ದರೆ? ಅವಳ ಹೆಸರು ಅವಳಿಗೆ ಪುಟ್ಟಿ. ನಮ್ಮ ಹೆಸರು ಅಪ್ಪ, ಅಮ್ಮ. ಊರು ಯಾವುದೆಂದು ಕೇಳಿದರೆ ಮನೆ ಅನ್ನುತ್ತಿದ್ದಳು. ಅಷ್ಟು ಗುರುತಿನ ಮೇಲೆ ಯಾರು ತಾನೇ ವಾಪಸು ತಂದುಕೊಡುತ್ತಾರೆ?

ಸಿಕ್ಕ ಪ್ರತಿ ಸ್ಟಾಪಿನಲ್ಲೂ ಟೆಂಪೋದವನು ನಿಧಾನ ಮಾಡಿ, "ಹೆಣ್ಮಗ ಒಂದು ಇಳೀತಾ ಬಸ್ಸಿಂದ?" ಅಂತ ಕೇಳಿದ. ಇಲ್ಲ, ಇಲ್ಲ ಅಂದರು. ಒಂದು ಕಡೆ, "ಒಬ್ಳು ಹೆಂಗ್ಸು ಕೂಸು ಎತ್ಕಂಡು ಇಳುದ್ಲು" ಅಂದರು. ಟೆಂಪೋ ನಿಲ್ಲಿಸಿ ಇವರು ಆ ಹೊಲದ ದಾರಿಯಲ್ಲಿ ಓಡಿದರು. ಮರಳಿ ಬಂದಾಗ ಮುಖ ಬಿಳಿಚಿತ್ತು. ಅದು ಆ ಹೆಂಗಸಿನದೇ ಮಗು, ಗಂಡುಮಗು. ನನ್ನ ತೊಡೆಯ ಮೇಲಿದ್ದ ಮಗ ಅಕ್ಕ ಎಲ್ಲಿ ಅನ್ನುವಂತೆ "ಅಕ್ಕಾ, ಅಕ್ಕಾ" ಅಂತ ಶುರುಮಾಡಿದ. ಸಿಟ್ಟಿಗೆ ಅವನಿಗೊಂದು ಬಿಟ್ಟೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆ. ಮಗು ಅತ್ತಿತು, ನಾನೂ ಅತ್ತೆ. ಇವರು ಕಿಟಕಿಯಾಚೆ ನೋಡುತ್ತಾ ಕೂತರು.

ಬೇಲೂರಿನ ಬಸ್‌ ಸ್ಟ್ಯಾಂಡಿನಲ್ಲಿ ಸಾಲಾಗಿ ಬಸ್ಸುಗಳು. ನಮ್ಮದು ಯಾವುದು? ನಂಬರು ನೋಡಿರಲಿಲ್ಲ, ನೆನಪಿದ್ದದ್ದು ಆ ಕಂಬಿಯಿಲ್ಲದ ಕಿಟಕಿಯೊಂದೇ. ಮೂಲೆಯಲ್ಲಿ ನಿಂತಿದ್ದ ಒಂದರೊಳಗೆ ಅದೇ ಕಂಡಕ್ಟರು, ಕೈಯಲ್ಲಿ ಒಂದು ಬನ್ನು ಹಿಡಿದು ಸೀಟೊಂದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ನಮ್ಮನ್ನು ಕಂಡು ಎದ್ದ.

"ಏಳು ಅಂದ್ರೆ ಏಳಾಕಿಲ್ಲ ಕಣಮ್ಮ. ಇದು ನಮ್ಮಮ್ಮನ ಸೀಟು ಅಂತದೆ. ದಾರಿ ಉದ್ದಕ್ಕೂ ಯಾರ್ನೂ ಕೂರಾಕ್ ಬಿಡ್ಲಿಲ್ಲ. ಅವ್ರಮ್ಮ ಹಿಂದ್ಗಡೆ ನಿಂತವ್ಳೆ ಅಂತ ನಾವೆಲ್ಲ ಅಂದ್ಕಂಡ್ವಿ. ಜನ ಇಳುದ್ ಮೇಲೆ ನೋಡ್ತೀನಿ, ಕೂಸೊಂದೇ ಐತೆ."

ಕಿಟಕಿ ಪಕ್ಕ ಅವಳು ಕೂತಿದ್ದಳು. ಒಂದು ಅಂಗೈ ಪಕ್ಕದ ಜಾಗದ ಮೇಲೆ ಚಾಚಿತ್ತು, ಇನ್ನೊಂದು ಕೈ ಮುಂದಿನ ಸೀಟಿನ ಕಂಬಿ ಹಿಡಿದಿತ್ತು. ಮೊಣಕೈ ಹತ್ತಿರ ಯಾರೋ ಹಿಡಿದು ಎಳೆದ ಕೆಂಪು ಗುರುತು. ಫ್ರಾಕು ಒದ್ದೆ, ಸೀಟೂ ಒದ್ದೆ. ಏಳಬೇಡ ಅಂದಿದ್ದರಲ್ಲ, ಅದಕ್ಕೂ ಎದ್ದಿರಲಿಲ್ಲ. ಬನ್ನು ಮುಟ್ಟಿರಲಿಲ್ಲ. ನನ್ನನ್ನು ನೋಡಿ ಅಳಲೂ ಇಲ್ಲ. ಚಾಚಿದ್ದ ಕೈಯನ್ನು ತೆಗೆದು, "ಕೂತ್ಕೋ ಅಮ್ಮ" ಅಂದಳು. ಜನವಿಲ್ಲದ, ಎಲ್ಲಿಗೂ ಹೋಗದ ಆ ಬಸ್ಸಿನಲ್ಲಿ ನಾನು ಅವಳ ಪಕ್ಕ ಕೂತೆ. ನಾನು ಕೂತ ಮೇಲೆ ಅವಳಿಗೆ ಅಳು ಬಂತು.

ಬೇಲೂರಿನ ದೇವಸ್ಥಾನ ನೋಡಲಿಲ್ಲ. ಮುಂದಿನ ಬಸ್ಸು ಹಿಡಿದು ಊರಿಗೆ ಬಂದೆವು. ವಾರ ಕಳೆಯುವುದರೊಳಗೆ ಇವರ ಬಾಯಲ್ಲಿ ಅದು ತಮಾಷೆಯ ಕತೆಯಾಯಿತು. ಬಂದವರ ಮುಂದೆಲ್ಲ, "ನಮ್ ಹುಡ್ಗಿ ಬೇಲೂರ್ ತನಕ ಸೀಟ್ ಬಿಡ್ಲಿಲ್ಲ ಕಣ್ರೀ" ಅನ್ನುವರು. ಬಂದವರು ನಗುವರು. ಮಗಳೂ ನಗುವಳು, ತಾನೇನೋ ಗೆದ್ದಿದ್ದೇನೆ ಅಂತ. ಹಾಗೆ ನಗದಿದ್ದರೆ ನನ್ನ ಗಂಡನಿಗೆ ಆ ಮಧ್ಯಾಹ್ನವನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲವೇನೋ. ಆದರೆ ಆ ನಗು ಕೇಳಿದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಮುಂದಿನ ಜೂನ್‌ನಲ್ಲಿ ಅವಳನ್ನು ಶಿಶುವಿಹಾರಕ್ಕೆ ಸೇರಿಸಿದೆವು. ಒಂದು ದಿನ ಕರೆತರಲು ಹೋದಾಗ ಅಲ್ಲಿಯ ಮಿಸ್ಸು ನಮ್ಮಿಬ್ಬರನ್ನೂ ನಿಲ್ಲಿಸಿ ಹೊಗಳಿದರು. "ಬೇರೆ ಮಕ್ಕಳು ಒಂದು ಗಳಿಗೆ ಕೂರಲ್ಲ. ಇವಳು ಕೂರಿಸಿದ ಕಡೆ ಕೂತಿರ್ತಾಳೆ. ಏಳು ಅಂತ ನಾವೇ ಹೇಳ್ಬೇಕು. ಇಂಥ ಮಗು ಹತ್ತಿದ್ರೂ ಸಾಕ್ಬೋದು" ಅಂದರು. ನನ್ನ ಗಂಡನ ಮುಖ ಅರಳಿತು.

ಮನೆಗೆ ಬಂದು ಅವಳನ್ನು ಎದುರಿಗೆ ನಿಲ್ಲಿಸಿಕೊಂಡೆ. ಇನ್ನು ಮೇಲೆ ಯಾರಾದರೂ ಎಲ್ಲಾದರೂ ಕೂರಿಸಿದರೆ, ನಾನು ಕಾಣದಿದ್ದರೆ, ಕೂರಬೇಡ ಪುಟ್ಟಿ, ಎದ್ದು ಕೂಗು, ನನ್ನ ಕಡೆ ಓಡಿ ಬಾ ಅಂತ ಹೇಳಿದೆ. ಅಪ್ಪ ಹೇಳಿದರೂ ಕೂರಬೇಡ, ನಾನು ಹೇಳಿದರೂ ಕೂರಬೇಡ ಅಂದೆ. ಅವಳು ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಕೇಳಿಸಿಕೊಂಡು, "ಆಯ್ತಮ್ಮ. ಎಲ್ಲೀ ತನಕ ಓಡ್ಬೇಕು?" ಅಂದಳು.