ಕಾರಿನ ತಲೆಯ ಮೇಲೆ ಉಡಿ ತುಂಬಿದ ದೋಣಿ

ನನಗೆ ಗಂಟು ಹಾಕಲು ಬರುವುದಿಲ್ಲ. ನಾನು ಹಾಕುವ ಗಂಟುಗಳಲ್ಲಿ ಎರಡೇ ಜಾತಿ: ತಾನಾಗಿಯೇ ಬಿಚ್ಚಿಕೊಳ್ಳುವುದು ಒಂದು, ಹಲ್ಲು ಹಚ್ಚಿದರೂ ಬಿಚ್ಚದಿರುವುದು ಇನ್ನೊಂದು. ಇಂಥ ನಾನು ಇಳಕಲ್ಲಿನಿಂದ ಕೂಡಲಸಂಗಮದ ಹತ್ತಿರದ ಹಳ್ಳಿಯವರೆಗೆ ಕಾರಿನ ಮೇಲೆ ದೋಣಿ ಕಟ್ಟಿಕೊಂಡು ಹೋದೆ. ನೀಲಿ ದೋಣಿ ಎಂದು ಬರೆಯಹೊರಟಿದ್ದೆ. ಹಿಂದೆ ನಿಂತು ಓದುತ್ತಿದ್ದ ನನ್ನ ಹೆಂಡತಿ ಸುಮಿತ್ರಾ, ‘ಹಸರು’ ಎಂದಳು. ಹಾಗಾದರೆ ಬಣ್ಣ ಬೇಡ. ದೋಣಿ ಇತ್ತು, ಒಂಬತ್ತು ಅಡಿ ಇತ್ತು. ಅಷ್ಟಕ್ಕೆ ಕಾರಿನ ಮೇಲಿನ ಗೀರು ಸಾಕ್ಷಿ.

ದೋಣಿ ಗಂಗವ್ವನದು. ನಾನು ಆ ಹಳ್ಳಿಯ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಮೂರನೆಯ ಬೆಂಚಿನಲ್ಲಿ ಕೂತು ಕಿಟಕಿಯಾಚೆಗಿನ ಹೊಳೆ ನೋಡುತ್ತಿದ್ದ ಹುಡುಗಿ. ಈಗ ಅದೇ ಹೊಳೆಯಲ್ಲಿ ಗಂಡನ ಜೊತೆ ಮೀನು ಹಿಡಿಯುತ್ತಾಳೆ. ಹಳೆಯ ದೋಣಿ ಬಂಡೆಗೆ ಬಡಿದು ತಳ ಸೀಳಿತ್ತು. ಇಳಕಲ್ಲಿನಲ್ಲಿ ಫೈಬರ್ ಕೆಲಸ ಮಾಡುವ ರಾಜೇಸಾಬರು ಹೊಸದೊಂದನ್ನು ಮಾಡಿಕೊಟ್ಟಿದ್ದರು. ಒಯ್ಯಬೇಕಾಗಿದ್ದ ಟೆಂಪೋದವನು ಕೈಕೊಟ್ಟ. ಅತ್ತ ಹೊಳೆಗೆ ಹೊಸ ನೀರು ಬಂದಿತ್ತು. ಈ ನೀರಿನ ಮೀನು ತಪ್ಪಿದರೆ ಅವರಿಗೆ ವರ್ಷವೇ ತಪ್ಪಿದಂತೆ. ಈ ದೋಣಿ ಒಡೆದರೆ ಇನ್ನೊಂದಿಲ್ಲ. ಅವಳು ಫೋನಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ನನ್ನ ಬಾಯಿ ನನ್ನನ್ನು ಕೇಳದೆ, ‘ನನ್ನ ಕಾರಿಗೆ ಕ್ಯಾರಿಯರ್ ಐತಲ್ಲ’ ಎಂದಿತು. ಆ ಕ್ಯಾರಿಯರಿನ ಮೇಲೆ ಅದುವರೆಗೆ ಏರಿದ್ದ ಅತಿ ದೊಡ್ಡ ಭಾರವೆಂದರೆ ಒಂದು ಪಾರಿವಾಳ.

ಬಾಗಲಕೋಟೆಯಿಂದ ನಾನೂ ಸುಮಿತ್ರಾಳೂ ಇಳಕಲ್ಲಿಗೆ ಹೋದಾಗ ರಾಜೇಸಾಬರು ಕ್ಯಾರಿಯರ್ ಅಲುಗಿಸಿ ನೋಡಿ ಪಾಠ ಶುರುಮಾಡಿದರು. “ಬೋರಲ ಹಾಕ್ರಿ ಸರ್ರ. ಮೂತಿ ಮುಂದ. ಕೆಳಗ ಕೌದಿ ಮಡಚಿ ಇಡ್ರಿ. ನಡುವ ಎರಡು ಬೆಲ್ಟು, ಮುಂದೊಂದು ಹಗ್ಗ, ಹಿಂದೊಂದು ಹಗ್ಗ. ಬೆಲ್ಟಿಗೆ ಒಂದು ತಿರುವು ಕೊಡ್ರಿ, ಇಲ್ಲಂದ್ರ ಗಾಳಿಗೆ ದಾರಿ ತುಂಬ ಶಹನಾಯಿ ಊದತೈತಿ. ಸ್ವಲ್ಪ ದೂರ ಹೋಗಿ ಇಳದು, ಕೈ ಹಾಕಿ ನೋಡ್ರಿ.”

ಎಲ್ಲ ಸರಿ, ಆದರೆ ಮೊದಲೇ ಬಸ್ಸು ಹಿಡಿದು ಬಂದಿದ್ದ ಗಂಗವ್ವ ನಾವು ಮುಟ್ಟುವಷ್ಟರಲ್ಲಿ ದೋಣಿಯ ಉಡಿ ತುಂಬಿಬಿಟ್ಟಿದ್ದಳು. ಹೊಸ ದೋಣಿ ಹೊಳೆಗೆ ಹೋಗುವುದೆಂದರೆ ಮಗಳು ಗಂಡನ ಮನೆಗೆ ಹೋದಂತೆ. ಒಳಗೆ ರವಿಕೆಯ ಖಣ ಹಾಸಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನದ ಬೇರು ಇಟ್ಟಾಗಿತ್ತು. ಇನ್ನು ಬೋರಲು ಹಾಕುವುದು ಹೇಗೆ?

“ಉಡಿ ತುಂಬಿದ ಹೆಣ್ಮಗಳನ್ನ ತೆಲಿಕೆಳಗ ಮಾಡಿ ಕಳಸ್ತಾರೇನ್ರಿ?” ಎಂದಳು ಗಂಗವ್ವ.

“ಆಷಾಢದಾಗ ಯಾರರ ಗಂಡನ ಮನಿಗೆ ಕಳಸ್ತಾರೇನ?” ಎಂದು ಸುಮಿತ್ರಾ ತಡೆದಳು.

“ಮೀನ ಪಂಚಾಂಗ ನೋಡೂದಿಲ್ಲ್ರಿ ಅಕ್ಕಾರ.”

ರಾಜೇಸಾಬರು ಗಡ್ಡ ಸವರಿಕೊಂಡರು. “ಈ ದೋಣಿ ನನ್ನ ಕೈಯಾಗ ಹುಟ್ಟಿದಾಕಿ, ನನಗೂ ಮಗಳ ಇದ್ದಂಗವ್ವ. ಆದರ ಗಾಳಿ ಅಂದ್ರ ಬೀಗರಲ್ಲ, ಕೈ ಮುಗದ್ರ ಸುಮ್ಮನಾಗಾಕ.”

ತೀರ್ಪು ಹೇಳಬೇಕಾದವನು ನಾನು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು, ಗಾಳಿಯ ಒತ್ತಡದ ಚಿತ್ರವನ್ನು ಬೋರ್ಡಿನ ಮೇಲೆ ಬಾಣ ಹಾಕಿ ಬರೆದವನು, ‘ನೆಟ್ಟಗ ಇಡೂಣು’ ಎಂದೆ. ಬಾಣಗಳೆಲ್ಲ ಬೋರ್ಡಿನ ಮೇಲೆಯೇ ಉಳಿದವು.

ಭಾರ ಕಟ್ಟುವ ವಿದ್ಯೆಗೆ ನಮ್ಮ ಸೀಮೆಯಲ್ಲಿ ಮರ್ಯಾದೆ ಸಾಲದು ಎಂದು ಆಗ ಅನಿಸಿತು. ಪಟ್ಟದಕಲ್ಲಿನ ಗೋಡೆಗಳ ಮೇಲೆ ದೇವರಿದ್ದಾರೆ, ಆನೆಗಳಿವೆ, ಕನ್ನಡಿ ನೋಡಿಕೊಳ್ಳುವ ಹೆಂಗಸರಿದ್ದಾರೆ. ಅಷ್ಟು ಕಲ್ಲನ್ನು ಯಾರು ಯಾವ ಹಗ್ಗದಿಂದ ಹೇಗೆ ಬಿಗಿದು ತಂದರೆಂದು ಹೇಳುವ ಒಂದು ಗಂಟೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇದ್ದಿದ್ದರೆ ನೋಡಿಕೊಂಡು ಕಟ್ಟುತ್ತಿದ್ದೆ. ಅದೂ ಸುಳ್ಳಿರಬಹುದು, ಈ ವಿಚಾರ ಅಂದು ಹೊಳೆಯಿತೋ, ಈಗ ಬರೆಯುವಾಗ ಹೊಳೆದು ಅಂದಿನ ದಿನಕ್ಕೆ ಅಂಟಿಕೊಂಡಿತೋ ಹೇಳಲಾರೆ. ನೆನಪೂ ಕಾರಿನ ಮೇಲಿನ ಸಾಮಾನೇ. ಹೊರಟಾಗ ಇಟ್ಟ ಜಾಗದಲ್ಲಿ ಮುಟ್ಟಿದಾಗ ಇರುವುದಿಲ್ಲ.

ಹೊರಟೆವು. ಬೆಲ್ಟಿಗೆ ತಿರುವು ಕೊಡುವುದನ್ನು ಮರೆತಿದ್ದೆ, ಶಹನಾಯಿ ಶುರುವಾಯಿತು. ಹಿಂದಿನ ಸೀಟಿನಲ್ಲಿ ಗಂಗವ್ವ ಕಿಟಕಿಯಿಂದ ಕೈ ಹೊರಹಾಕಿ ದೋಣಿಯ ಅಂಚು ಹಿಡಿದಿದ್ದಳು, ಜಾತ್ರೆಯಲ್ಲಿ ಮಗುವಿನ ಕೈ ಹಿಡಿದಂತೆ. ನಾನು ನಾಲ್ಕು ಸಲ ಇಳಿದು ಹಗ್ಗ ಮುಟ್ಟಿದೆ. ಸುಮಿತ್ರಾ ಹನ್ನೊಂದು ಸಲ ಎನ್ನುತ್ತಾಳೆ.

ಹುನಗುಂದ ಹತ್ತಿರವಾಗುತ್ತಿದ್ದಾಗ ಲಾರಿಯೊಂದು ಪಕ್ಕದಲ್ಲಿ ಹಾಯ್ದುಹೋಯಿತು. ಅದರ ಗಾಳಿ ದೋಣಿಯ ಹೊಟ್ಟೆಯೊಳಗೆ ಹೊಕ್ಕಿತು. ಗಾಜಿನ ಮೇಲ್ಗಡೆ ದೋಣಿಯ ಮೂತಿ ಮೆಲ್ಲಗೆ ಎದ್ದಿತು, ಕರೆದವರಿಗೆ ಓಗೊಡುವಂತೆ. ಮುಂದಿನ ಹಗ್ಗದ ಗಂಟು ಮೊದಲನೆಯ ಜಾತಿಯದು. ಕಾರನ್ನು ಬದಿಗೆ ಹಾಕಿ ಇಳಿದಾಗ ದೋಣಿ ಅರ್ಧ ಗೇಣು ಓರೆಯಾಗಿ, ಬೆಲ್ಟುಗಳ ದಯೆಯಲ್ಲಿ ನಿಂತಿತ್ತು. ಗಂಗವ್ವ ಇಳಿದು ದೋಣಿಯ ತಳಕ್ಕೆ ಕೈ ಹಾಕಿ ನೋಡಿದಳು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಹಳೆಯ ಮಾಸ್ತರನೆಂದು ಬೈಯಲಿಲ್ಲ.

ದೋಣಿಯನ್ನೇ ನೋಡುತ್ತ ನಿಂತವಳು ಸೆರಗು ಬಿಚ್ಚಿ ಮುಂದೆ ಚಾಚಿದಳು. “ಊರ ಮುಟ್ಟೂತನಾ ಇದರ ಉಡಿ ನಾ ಹಿಡೀತೇನಿ. ಅಕ್ಕಾರ, ಒಂದ ಕಾಳ ಬಿಡದಂಗ ಹಾಕ್ರಿ. ಸರ್ರ, ನೀವು ಅದನ್ನ ಬೋರಲ ಮಾಡ್ರಿ.”

ಈ ಉಪಾಯ ಹೇಳಿದವಳು ತಾನು ಎಂದು ಸುಮಿತ್ರಾ ಈಗಲೂ ವಾದಿಸುತ್ತಾಳೆ. ನಾನು ಎರಡು ಕಡೆ ನನ್ನದೆಂದೇ ಹೇಳಿಕೊಂಡಿದ್ದೇನೆ. ಯಾರದೇ ಇರಲಿ, ಬಾಗಿಲ ಅಂಚಿನ ಮೇಲೆ ನಿಂತು ಸುಮಿತ್ರಾ ಉಡಿ ತುಂಬಿಸಿದಳು; ಗಂಗವ್ವ ಸೆರಗಿನ ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡ ಮೇಲೆ ಮೂವರೂ ಸೇರಿ ದೋಣಿಯನ್ನು ಮಗುಚಿದೆವು. ಬೆಲ್ಟಿಗೆ ತಿರುವು ಬಿತ್ತು. ಈ ಸಲ ನಾನು ಕಟ್ಟಿದ್ದನ್ನು ಗಂಗವ್ವ ಜಗ್ಗಿ ನೋಡಿದಳು, ಗಂಗವ್ವ ಕಟ್ಟಿದ್ದನ್ನು ಯಾರೂ ನೋಡಲಿಲ್ಲ. ಮುಂದೆ ಲಾರಿಗಳು ಹಾಯ್ದವು, ಗಾಳಿ ದೋಣಿಯ ಬೆನ್ನ ಮೇಲೆ ಜಾರಿಹೋಯಿತು. ಹಿಂದಿನ ಸೀಟಿನಲ್ಲಿ ಗಂಗವ್ವ ಎರಡೂ ಕೈಗಳಲ್ಲಿ ಸೆರಗು ಹಿಡಿದು ಅಲುಗಾಡದೆ ಕೂತಿದ್ದಳು. ನೊಣ ಕೂತರೂ ಓಡಿಸಲಿಲ್ಲ.

ಹೊಳೆದಂಡೆಯ ಹತ್ತಿರಕ್ಕೇ ಕಾರು ಒಯ್ದೆವು. ಅವಳ ಗಂಡ ಬಲೆ ಬಿಟ್ಟು ಓಡಿಬಂದ. ಬೆಲ್ಟು, ಮುಂದಿನ ಹಗ್ಗ ಬಿಚ್ಚಿ, ದೋಣಿಯನ್ನು ಇಳಿಸಿ ನೆಟ್ಟಗೆ ಮಾಡಿದೆವು. ಅಕ್ಕಿ, ಕೊಬ್ಬರಿ, ಖಣ ಮತ್ತೆ ಅದರ ಮಡಿಲಿಗೆ ಹೋದವು. ದೋಣಿಯನ್ನು ನೀರಿಗೆ ತಳ್ಳಿದೆವು, ಗಂಗವ್ವ ಹತ್ತಿ ಕೂತು ಹುಟ್ಟು ಹಾಕಿದಳು. ದೋಣಿ ಒಂದೆರಡು ಮಾರು ಹೋಗಿ ಗಕ್ಕನೆ ನಿಂತಿತು. ಅವಳು ಮತ್ತೆ ಹುಟ್ಟು ಹಾಕಿದಳು. ಈ ಸಲ ಕಾರು ಕಿರ್ ಎಂದಿತು.

ಹಿಂದಿನ ಹಗ್ಗ. ದಾರಿಯಲ್ಲಿ ಹನ್ನೊಂದು ಸಲ ಮುಟ್ಟಿ ನೋಡಿದ್ದು, ಇಳಿಸುವಾಗ ಬಿಚ್ಚಲು ಒಂದು ಸಲವೂ ಮುಟ್ಟಿರಲಿಲ್ಲ.

“ಸರ್ರ,” ಎಂದು ಗಂಗವ್ವ ನೀರಿನಿಂದ ಕೂಗಿದಳು, ದಾರಿಯುದ್ದಕ್ಕೂ ಹಿಡಿದಿಟ್ಟ ನಗೆಯನ್ನೆಲ್ಲ ಒಮ್ಮೆಲೇ ಬಿಟ್ಟು, “ಮಗಳನ್ನ ಕಳಿಸಿದ ಮ್ಯಾಲೆ ಸೆರಗ ಬಿಡಬೇಕ್ರಿ!”

ನಾನು ಓಡಿದೆ. ಗಂಟು ಎರಡನೆಯ ಜಾತಿಯದು.